ದಿವಾಲಿ ರಿದಮ್: ಒಂದೇ ಚಪ್ಪಾಳೆಗೆ ಇಷ್ಟೊಂದು ಹಾಡಾ? ಕದ್ದಿದ್ದು ಯಾರು?

ಹಳೇ ಕ್ಯಾಸೆಟ್:
ಮೊನ್ನೆ ಭಾನುವಾರ ಅಟ್ಟ ಕ್ಲೀನ್ ಮಾಡುವಾಗ ಒಂದು ಎಂಪಿ3 ಸಿಡಿ ಸಿಕ್ಕಿತು. 2003ರಲ್ಲಿ ಹಾಸ್ಟೆಲ್ ರೂಮ್‌ಮೇಟ್ ಬರೆದುಕೊಟ್ಟಿದ್ದು. ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಇಂಗ್ಲಿಷ್ ಟಪ್ಪಾಂಗುಚ್ಚಿ’ ಅಂತ ಬರೆದಿದೆ. ಕಾರಿನಲ್ಲಿ ಹಾಕಿದೆ. ಮೊದಲು ಶಾನ್ ಪಾಲ್‌ನ ‘ಗೆಟ್ ಬಿಸಿ’ ಬಂತು. ಎರಡು ಹಾಡು ಬಿಟ್ಟು ವೇಯ್ನ್ ವಂಡರ್‌ನ ‘ನೋ ಲೆಟಿಂಗ್ ಗೋ’. ಅದು ಮುಗಿದ ಮೇಲೆ ಲುಮಿಡಿ ಅನ್ನೋ ಹುಡುಗಿಯ ‘ನೆವರ್ ಲೀವ್ ಯು’. ಹಿಂದಿನ ಸೀಟಿನಲ್ಲಿದ್ದ ಮಗ, "ಅಪ್ಪಾ, ಸಿಡಿ ಕೆಟ್ಟಿದೆ. ಅದೇ ಹಾಡು ಮತ್ತೆ ಮತ್ತೆ ಬರ್ತಿದೆ" ಅಂದ.

ಇಪ್ಪತ್ತು ವರ್ಷದಿಂದ ಈ ಮೂರೂ ಹಾಡು ಕೇಳಿದ್ದೇನೆ. ಹಿಂದಿರೋ ಮ್ಯೂಸಿಕ್ ಒಂದೇ ಅಂತ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಹದಿಮೂರು ವರ್ಷದ ಹುಡುಗ ಸಿಲ್ಕ್ ಬೋರ್ಡ್ ಸಿಗ್ನಲ್ ದಾಟೋದರೊಳಗೆ ಕಂಡುಹಿಡಿದ. ಸಿಲ್ಕ್ ಬೋರ್ಡ್ ಆಗಿದ್ದರಿಂದ ಟೈಮೂ ಜಾಸ್ತಿ ಇತ್ತು ಅನ್ನಿ.

ಮನೆಗೆ ಬಂದು ಹುಡುಕಿದರೆ ಆ ಮ್ಯೂಸಿಕ್ ಜಮೈಕಾದ್ದು, ಅದಕ್ಕೆ ‘ದಿವಾಲಿ ರಿದಮ್’ ಅಂತ ಹೆಸರಂತೆ. ನನ್ನ ಹೆಂಡತಿ ಅದನ್ನು ‘ದಿವಾಳಿ’ ಅಂತ ಓದಿ, "ಯಾರು ಪಾಪರ್ ಆಗಿದ್ದು?" ಅಂತ ಕೇಳಿದಳು. ನನ್ನ ಪ್ರಶ್ನೆ ಎರಡು. ಮೂವರಲ್ಲಿ ಮೂಲ ಯಾರದು, ಕದ್ದವರು ಯಾರು? ಜಮೈಕಾದವರ ಮ್ಯೂಸಿಕ್ಕಿಗೆ ನಮ್ಮ ಹಬ್ಬದ ಹೆಸರು ಯಾಕೆ?

ಸುಮ್ನೆ ಬಂದೆ:
ಸಿಡಿ ಪ್ಲೇಯರ್ ಇರೋ ಕಾರು ಇನ್ನೂ ಇದೆಯಾ? ಅದನ್ನು ಮೊದಲು ಹೇಳಿ.

ಲಾಂಗ್‌ಪ್ಲೇ:
ಯಾರೂ ಕದ್ದಿಲ್ಲ ಮಾರಾಯ್ರೆ. ಅಲ್ಲಿನ ಪದ್ಧತಿಯೇ ಹಾಗೆ. ಈ ಥರದ ಕುಣಿತದ ಸಂಗೀತಕ್ಕೆ ಜಮೈಕಾದಲ್ಲಿ ಡ್ಯಾನ್ಸ್‌ಹಾಲ್ ಅನ್ನುತ್ತಾರೆ. ಡ್ಯಾನ್ಸ್‌ಹಾಲ್‌ನಲ್ಲಿ ಮೊದಲು ಹುಟ್ಟೋದು ಹಾಡಲ್ಲ, ರಿದಮ್. ಡ್ರಮ್, ಬೇಸ್, ನಡುವೆ ಒಂದೆರಡು ಕೀಬೋರ್ಡ್ ಗೀಟು. ಪ್ರೊಡ್ಯೂಸರ್ ಅದನ್ನು ಕಟ್ಟಿ, ಒಂದು ಹೆಸರಿಟ್ಟು, ಹಾಡುಗಾರರನ್ನು ಕರೆಯುತ್ತಾನೆ. ಒಬ್ಬೊಬ್ಬರೂ ಅದರ ಮೇಲೆ ತಮ್ಮ ಮಾತು, ತಮ್ಮ ರಾಗ ಹಾಕಿ ಹೋಗುತ್ತಾರೆ. ಇದಕ್ಕೆ ಅವರು ರಿದಮ್‌ಗೆ ‘ವಾಯ್ಸ್ ಮಾಡೋದು’ ಅನ್ನುತ್ತಾರೆ. ಹತ್ತು ಜನ ಬಂದರೆ ಹತ್ತು ಹಾಡು. ಡಿಜೆ ಅವನ್ನು ಒಂದರ ಹಿಂದೆ ಒಂದು ನಿಲ್ಲಿಸದೆ ಹಾಕುತ್ತಾನೆ, ಅದಕ್ಕೆ ಜಗ್ಲಿಂಗ್ ಅಂತ ಹೆಸರು. ಅಂದ ಹಾಗೆ ಜಮೈಕಾದಲ್ಲಿ ರೆಕಾರ್ಡು ತಿರುಗಿಸುವವನು ಸೆಲೆಕ್ಟರ್. ಅಲ್ಲಿ ಡಿಜೆ ಅಂದರೆ ಮೈಕ್ ಹಿಡಿದು ಮಾತನ್ನೇ ಹಾಡುವವನು. ಶಾನ್ ಪಾಲ್ ಅವರ ಲೆಕ್ಕದಲ್ಲಿ ಡಿಜೆ, ವೇಯ್ನ್ ವಂಡರ್ ಗಾಯಕ.

ದಿವಾಲಿ ರಿದಮ್ ಕಟ್ಟಿದವರು ಸ್ಟೀವನ್ ಮಾರ್ಸ್‌ಡನ್. ಎಲ್ಲರೂ ಕರೆಯೋದು ಲೆಂಕಿ ಅಂತ. ಕೀಬೋರ್ಡ್ ನುಡಿಸುವವರು. 2002ರಲ್ಲಿ ಅದು ಹೊರಬಂತು. ಅದೇ ವರ್ಷ ಲಂಡನ್ನಿನ ಗ್ರೀನ್‌ಸ್ಲೀವ್ಸ್ ಕಂಪನಿ ಇದೊಂದೇ ರಿದಮ್ ಮೇಲಿನ ಹಾಡುಗಳನ್ನು ಸೇರಿಸಿ ಒಂದು ಪೂರ್ತಿ ಆಲ್ಬಮ್ ತಂದಿತು. ಅವರ ರಿದಮ್ ಆಲ್ಬಮ್ ಸಾಲಿನಲ್ಲಿ ಅದು 27ನೆಯದು. ನಿಮ್ಮ ಸಿಡಿಯಲ್ಲಿ ಮೂರು ಇದ್ದರೆ ಮಗ ಮೂರಕ್ಕೇ ಬೇಜಾರು ಮಾಡಿಕೊಂಡ. ಅದನ್ನು ಹಾಕಿದ್ದರೆ ಕಾರಿನಿಂದ ಇಳಿದೇ ಹೋಗುತ್ತಿದ್ದ.

ತಕರಾರು ತಮ್ಮಯ್ಯ:
ಅಂದರೆ ಸೋಮಾರಿತನಕ್ಕೆ ಪದ್ಧತಿ ಅಂತ ಹೆಸರು. ನಮ್ಮ ಮ್ಯೂಸಿಕ್ ಡೈರೆಕ್ಟರ್ ಒಬ್ಬ ಒಂದು ಟ್ಯೂನ್ ಎರಡು ಸಲ ಬಳಸಿದರೆ ಊರೆಲ್ಲ ಬೈಯ್ತೀರಿ. ಅವರು ಮಾಡಿದರೆ ಸಂಸ್ಕೃತಿ.

ಚಂಡೆ ಪೆಟ್ಟು:
ತಮ್ಮಯ್ಯನವರೇ, ನಮ್ಮಲ್ಲೂ ಇದೆಯಲ್ಲ. ಯಾವುದೇ ಭಜನೆ ಪುಸ್ತಕ ತೆಗೆಯಿರಿ. ಪ್ರತಿ ಹಾಡಿನ ತಲೆ ಮೇಲೆ ‘ಧಾಟಿ: ಇಂಥ ಹಾಡಿನಂತೆ’ ಅಂತ ಅಚ್ಚು ಹಾಕಿರುತ್ತಾರೆ. ಒಂದೇ ಧಾಟಿಗೆ ಗಣಪತಿ, ರಾಘವೇಂದ್ರ ಸ್ವಾಮಿ, ಅಯ್ಯಪ್ಪ ಮೂವರೂ ಬರುತ್ತಾರೆ. ಯಾರಾದರೂ ಕಳ್ಳತನ ಅಂತಾರಾ? ನಮ್ಮ ಸೋಬಾನೆ ಹಾಡಿಗೆ ಮಾಲೀಕ ಯಾರು? ಹೊಸ ಮದುವೆ, ಹೊಸ ಹೆಸರು, ಅದೇ ಧಾಟಿ.

ಲಾಂಗ್‌ಪ್ಲೇ:
ಹೋಲಿಕೆ ಚೆನ್ನಾಗಿದೆ, ಆದರೆ ಉಲ್ಟಾ ಆಯ್ತು. ಧಾಟಿಯಲ್ಲಿ ಉಳಿಯೋದು ರಾಗ, ಬದಲಾಗೋದು ಮಾತು. ರಿದಮ್‌ನಲ್ಲಿ ಉಳಿಯೋದು ಕೆಳಗಿನ ಬಡಿತ, ಮಾತೂ ಬದಲಾಗುತ್ತೆ, ರಾಗವೂ ಬದಲಾಗುತ್ತೆ. ‘ಗೆಟ್ ಬಿಸಿ’ ಹಾಡಿದ ಹಾಗೆ ‘ನೋ ಲೆಟಿಂಗ್ ಗೋ’ ಹಾಡೋಕೆ ನೋಡಿ, ಆಗಲ್ಲ. ಶಾನ್ ಪಾಲ್ ಬಡಿತದ ಜೊತೆಗೇ ಓಡುತ್ತಾನೆ, ಉಸಿರು ಬಿಡದ ಹಾಗೆ. ವೇಯ್ನ್ ವಂಡರ್ ಅದೇ ಬಡಿತದ ಮೇಲೆ ಉಯ್ಯಾಲೆ ಕಟ್ಟಿಕೊಂಡು ಕೂತಿದ್ದಾನೆ. ನಮ್ಮ ಕಿವಿ ಗಾಯಕನ ಬೆನ್ನು ಹತ್ತಿ ಹೋಗುತ್ತೆ. ಅದಕ್ಕೇ ನಿಮಗೆ ಇಪ್ಪತ್ತು ವರ್ಷ ಗೊತ್ತಾಗಲಿಲ್ಲ. ಮಕ್ಕಳು ಮೊದಲು ಬಡಿತ ಕೇಳುತ್ತಾರೆ.

ಚಂಡೆ ಪೆಟ್ಟು:
ಇದು ಒಪ್ಪಿದೆ. ಹಾಗಾದರೆ ಯಕ್ಷಗಾನದ ತಾಳಕ್ಕೆ ಹತ್ತಿರ. ಏಕತಾಳ ಅಂದರೆ ಮದ್ದಳೆಯವನ ಕೈ ತಯಾರು. ಭಾಗವತರು ಅದರ ಮೇಲೆ ಯುದ್ಧದ ಪದವನ್ನೂ ತರಬಹುದು, ಬೇರೆ ರಾಗದಲ್ಲಿ ಬೇರೆ ಪದವನ್ನೂ ತರಬಹುದು.

ಪಡ್ಡು ಪ್ರಿಯ:
ಇಷ್ಟು ದೂರ ಯಾಕೆ ಹೋಗ್ತೀರಿ. ಒಂದೇ ಹಿಟ್ಟು. ಮೊದಲ ದಿನ ಇಡ್ಲಿ, ಎರಡನೇ ದಿನ ದೋಸೆ, ಮೂರನೇ ದಿನ ಈರುಳ್ಳಿ ಹಾಕಿ ಪಡ್ಡು. ಲೆಂಕಿ ಹಿಟ್ಟು ರುಬ್ಬಿದ.

ತಕರಾರು ತಮ್ಮಯ್ಯ:
ನಾಲ್ಕನೇ ದಿನ ಹುಳಿ ಬಂದಿರುತ್ತೆ. ಅದು ರಿಯಾನ್ನಾ ಹಾಡು. ‘ಪಾನ್ ಡಿ ರಿಪ್ಲೇ’ ಕೂಡ ಇದೇ ರಿದಮ್ ಅಲ್ವಾ?

ಲಾಂಗ್‌ಪ್ಲೇ:
ಅಲ್ಲ. ಬಹಳ ಜನ ಹಾಗೆ ಅಂದುಕೊಂಡಿದ್ದಾರೆ. ಅದು 2005ರ ಹಾಡು. ಬರೆದು ಕಟ್ಟಿದವರು ಅಮೆರಿಕದ ಪ್ರೊಡ್ಯೂಸರ್‌ಗಳು. ಚಪ್ಪಾಳೆಯ ವಾಸನೆ ದಿವಾಲಿಯದೇ, ಆದರೆ ರಿದಮ್ ಬೇರೆ. ಶಾನ್ ಪಾಲ್‌ನದೇ ‘ಗಿಮ್ಮಿ ದಿ ಲೈಟ್’ ಕೂಡ ದಿವಾಲಿ ಅಲ್ಲ, ಅದು ‘ಬಜ್’ ಅನ್ನೋ ರಿದಮ್. ಇದೆಲ್ಲ ಒಂದೇ ಥರ ಕೇಳುತ್ತೆ ಅನ್ನೋರು ಸ್ವಲ್ಪ ಹೆಡ್‌ಫೋನ್ ಹಾಕಿಕೊಳ್ಳಿ.

ಹಳೇ ಕ್ಯಾಸೆಟ್:
ಹಿಟ್ಟಿನ ವಿಷಯ ಅರ್ಥ ಆಯ್ತು. ಮೂರರಲ್ಲಿ ಮೊದಲು ಯಾವುದು ಗೆದ್ದಿದ್ದು?

ಲಾಂಗ್‌ಪ್ಲೇ:
ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಅನ್ನೋ ಜನಪ್ರಿಯ ಹಾಡುಗಳ ಪಟ್ಟಿಯ ಲೆಕ್ಕ ಕೊಡ್ತೀನಿ. ‘ಗೆಟ್ ಬಿಸಿ’ 2003ರ ಮೇ ತಿಂಗಳಲ್ಲಿ 1ನೇ ಸ್ಥಾನ, ಮೂರು ವಾರ. ಅಲ್ಲಿ ಒಂಬತ್ತು ವಾರದಿಂದ ಕದಲದೆ ಕೂತಿದ್ದ 50 ಸೆಂಟ್‌ನ ‘ಇನ್ ಡಾ ಕ್ಲಬ್’ ಹಾಡನ್ನು ಎಬ್ಬಿಸಿ ಕೂತಿತು. ‘ನೋ ಲೆಟಿಂಗ್ ಗೋ’ 11ರವರೆಗೆ ಹೋಯಿತು. ಲುಮಿಡಿ ಹಾಡು 3. ಒಂದೇ ವರ್ಷ, ಒಂದೇ ಚಪ್ಪಾಳೆ. ಬ್ರಿಟನ್ನಿನಲ್ಲಿ ವೇಯ್ನ್ ವಂಡರ್ 3, ಲುಮಿಡಿ 2. ಮೂರೂ ಹಾಡಿನಲ್ಲಿ ಬರೆದವರ ಸಾಲಿಗೆ ಸ್ಟೀವನ್ ಮಾರ್ಸ್‌ಡನ್ ಹೆಸರು ಇದೆ. ಕದ್ದಿದ್ದರೆ ಹೆಸರು ಹಾಕುತ್ತಿದ್ದರಾ ತಮ್ಮಯ್ಯ?

ತಕರಾರು ತಮ್ಮಯ್ಯ:
ಹೆಸರು ಹಾಕಿದ್ದಾರೆ ಅಂದ ಮೇಲೆ ಒಂದು ಮೆಟ್ಟಿಲು ಇಳಿಯುತ್ತೇನೆ. ಒಂದೇ.

ಮೇಘಮಂದಾರ:
ಲುಮಿಡಿ ಜಮೈಕಾದವಳಲ್ಲ ಅನ್ನೋದನ್ನೂ ಸೇರಿಸಿ. ನ್ಯೂಯಾರ್ಕಿನ ಸ್ಪ್ಯಾನಿಷ್ ಹಾರ್ಲೆಮ್ ಹುಡುಗಿ, ಪೋರ್ಟೊ ರಿಕೊ ಮೂಲ. ದೊಡ್ಡ ಗಾಯಕಿ ಏನಲ್ಲ. ಶ್ರುತಿ ಅಲ್ಲಲ್ಲಿ ಜಾರುತ್ತೆ, ಅದಕ್ಕೆ ಆಗ ಬಹಳ ಜನ ನಕ್ಕರು. ಆದರೆ ನನಗೆ ಆ ಹಾಡೇ ಇಷ್ಟ. ಪಾತ್ರೆ ತೊಳೆಯುತ್ತ ತನ್ನ ಪಾಡಿಗೆ ತಾನು ಹಾಡಿಕೊಂಡ ಹಾಗಿದೆ. ಆ ‘ಅ-ಓ’ ಇದೆಯಲ್ಲ, ಅದನ್ನು ತರಬೇತಿ ಪಡೆದ ಗಂಟಲು ಹಾಡಿದ್ದರೆ ಕೆಟ್ಟೇ ಹೋಗುತ್ತಿತ್ತು.

ಕೀಬೋರ್ಡ್ ಕಿಟ್ಟಿ:
ನಾನು ಹದಿನೆಂಟು ವರ್ಷ ಆರ್ಕೆಸ್ಟ್ರಾದಲ್ಲಿ ನುಡಿಸಿದವನು. ಕಸುಬಿನ ಮಾತು ಹೇಳ್ತೀನಿ. ದಿವಾಲಿಯಲ್ಲಿ ಕಿವಿಗೆ ಹೊಡೆಯೋದು ಆ ಚಪ್ಪಾಳೆ. ಅದು ಎಣಿಕೆಯ ಮೇಲೆ ನೇರವಾಗಿ ಬೀಳಲ್ಲ. ನಾಲ್ಕರ ಎಣಿಕೆ ಒಳಗೇ ಇದೆ, ಆದರೆ ಪೆಟ್ಟು ಪೆಟ್ಟಿನ ನಡುವಿನ ಸಂದಿಯಲ್ಲಿ ಬೀಳುತ್ತೆ. ನಿಮಿಷಕ್ಕೆ 100 ಬಡಿತ ಅಷ್ಟೆ, ಏನೂ ಫಾಸ್ಟ್ ಅಲ್ಲ. ಆದರೂ ಓಡುತ್ತಿದೆ ಅನ್ನಿಸುತ್ತೆ, ಯಾಕೆಂದರೆ ಚಪ್ಪಾಳೆ ಖಾಲಿ ಜಾಗ ಬಿಡಲ್ಲ. ಬೇಸ್ ಮಾತ್ರ ಆರಾಮಾಗಿದೆ. ಮೇಲೆ ಅವಸರ, ಕೆಳಗೆ ನಿಧಾನ. ಶಾನ್ ಪಾಲ್ ಮೇಲಿನದನ್ನು ಹಿಡಿದುಕೊಂಡ, ವೇಯ್ನ್ ವಂಡರ್ ಕೆಳಗಿನದನ್ನು ಹಿಡಿದುಕೊಂಡ. ಗುಟ್ಟು ಇರೋದೇ ಇಲ್ಲಿ.

ಇದನ್ನು ಒಮ್ಮೆ ದಾವಣಗೆರೆ ಕಡೆ ಗಣೇಶೋತ್ಸವದಲ್ಲಿ ಟ್ರೈ ಮಾಡಿದ್ದೆ. ಹಾಡುಗಾರ ಇನ್ನೂ ಬಂದಿರಲಿಲ್ಲ, ಜನ ಸಿಳ್ಳೆ ಹೊಡೆಯುತ್ತಿದ್ದರು. ರಿದಮ್ ಪ್ಯಾಡಿನಲ್ಲಿ ಈ ಚಪ್ಪಾಳೆ ಹಾಕಿದೆ. ಮುಂದಿನ ಸಾಲಿನ ಹುಡುಗರು ಜೊತೆಗೆ ಚಪ್ಪಾಳೆ ತಟ್ಟೋಕೆ ಶುರು ಮಾಡಿದರು, ಎರಡು ಸುತ್ತಿಗೆ ಎಲ್ಲರೂ ತಪ್ಪಿದರು. ಕೊನೆಗೆ ಒಬ್ಬ ಹಿರಿಯರು ಬಂದು, "ಏನಪ್ಪಾ, ನಿನ್ನ ಪ್ಯಾಡ್ ಎಡವುತ್ತಾ ಇದೆ" ಅಂದರು.

ಹುಬ್ಬಳ್ಳಿ ಮಂದಿ:
ಕಿಟ್ಟಿ ಸರ್, ಎಡವೋದೇ ಕುಣಿತ ಅಲ್ರಿ. ನಮ್ಮ ಹಲಗಿ ಕೇಳೀರೇನು? ನೆಟ್ಟಗೆ ಬಡಿದರೆ ಯಾರೂ ಕುಣಿಯಂಗಿಲ್ಲ.

ಸುಮ್ನೆ ಬಂದೆ:
ಎರಡನೇ ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲ. ದಿವಾಲಿ ಹೆಸರು ಯಾಕೆ?

ಪಡ್ಡು ಪ್ರಿಯ:
ಪಟಾಕಿ ಥರ ಚಪ್ಪಾಳೆ ಇದೆ. ಅದಕ್ಕೆ.

ಸ್ಕಾರ್ಬರೊ ಶೆಟ್ರು:
ನಾನು ಟೊರಾಂಟೊದಲ್ಲಿ ಇರೋದು, ಇಲ್ಲಿ ಜಮೈಕಾದವರು ಬೀದಿಗೊಬ್ಬರು. ಮೊದಲ ಕೆಲಸದಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಜಮೈಕಾದ ಭಾರತೀಯ ಮೂಲದ ಹೆಂಗಸು. ಮುಖ ನೋಡಿದರೆ ನಮ್ಮ ಪಕ್ಕದ ಮನೆಯವರು, ಬಾಯಿ ತೆಗೆದರೆ ಪೂರ್ತಿ ಪಾಟ್ವಾ, ಅಂದರೆ ಜಮೈಕಾದ ಆಡುಮಾತು. ನಾನು ಮೊದಲ ದಿನ ಹಿಂದಿಯಲ್ಲಿ ಮಾತಾಡಿಸಿ ಪೆಚ್ಚಾದೆ. ಹಿಂದಿ ನನಗೂ ಸರಿಯಾಗಿ ಬರಲ್ಲ, ಅವರಿಗೂ ಬರಲ್ಲ.

ಅವರಿಂದಲೇ ನನಗೆ ಆ ಕಥೆ ಗೊತ್ತಾಗಿದ್ದು. ಜಮೈಕಾದಲ್ಲಿ ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಆಳು ಸಾಲದಾಯಿತು. ಬ್ರಿಟಿಷರು ಭಾರತದಿಂದ ಕರಾರಿನ ಮೇಲೆ ಜನರನ್ನು ಹಡಗು ಹತ್ತಿಸಿದರು. ಮೊದಲ ಹಡಗು ‘ಬ್ಲಂಡೆಲ್’ 1845ರ ಮೇ 10ರಂದು ಓಲ್ಡ್ ಹಾರ್ಬರ್ ಬೇ ತಲುಪಿತು. ಈ ಕರಾರು ಪದ್ಧತಿ 1917ರಲ್ಲಿ ನಿಲ್ಲೋವರೆಗೆ ಸುಮಾರು 36,000 ಜನ ಹೋದರು. ಹೆಚ್ಚಿನವರು ಇವತ್ತಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಅದಕ್ಕೇ ಅಲ್ಲಿ ನಮ್ಮ ‘ದೀಪಾವಳಿ’ ಇಲ್ಲ, ‘ದಿವಾಲಿ’ ಇದೆ. ಮೇಕೆ ಮಾಂಸದ ಕರಿ ಅಲ್ಲಿ ಮದುವೆ ಮನೆ ಊಟ. ಗಾಂಜಾಕ್ಕೆ ಅವರೂ ‘ಗಾಂಜಾ’ ಅಂತಾನೆ ಅನ್ನುತ್ತಾರೆ, ಚಿಲುಮೆಗೆ ‘ಚಾಲಿಸ್’ ಜೊತೆಗೆ ‘ಚಿಲಮ್’ ಅಂತಾನೂ ಹೇಳುತ್ತಾರೆ. ಅಂದರೆ ದಿವಾಲಿ ಅನ್ನೋದು ಲೆಂಕಿಗೆ ಪರದೇಶದ ಪದ ಅಲ್ಲ. ಅವರ ಊರಿನಲ್ಲೇ ಓಡಾಡಿಕೊಂಡಿದ್ದ ಪದ.

ಲಾಂಗ್‌ಪ್ಲೇ:
ಶೆಟ್ರೇ ಒಂದು ನಿಮಿಷ. ಮೇ 10 ಅಂದಿರಾ? ‘ಗೆಟ್ ಬಿಸಿ’ ಹಾಟ್ 100ರಲ್ಲಿ ಮೊದಲ ಸಲ 1ನೇ ಸ್ಥಾನಕ್ಕೆ ಬಂದ ಪಟ್ಟಿಯ ತಾರೀಖು 2003ರ ಮೇ 10!

ಪಡ್ಡು ಪ್ರಿಯ:
ಮೈ ಜುಮ್ಮೆಂದಿತು. 158 ವರ್ಷ ಸರಿಯಾಗಿ.

ತಕರಾರು ತಮ್ಮಯ್ಯ:
ಕಾಕತಾಳೀಯ. ಕಾಗೆ ಕೂತಿತು, ಕೊಂಬೆ ಮುರಿಯಿತು. ಇದಕ್ಕೂ ಜಾತಕ ಬರೆಯಬೇಡಿ.

ಸ್ಕಾರ್ಬರೊ ಶೆಟ್ರು:
ಕಾಕತಾಳೀಯವೇ. ಆದರೆ ಹಾಡಿನ ಕೆಳಗೆ ಕಾಕನೂ ಇದೆ, ತಾಳವೂ ಇದೆ.

ಮೇಘಮಂದಾರ:
ಶೆಟ್ರು ಹೇಳಿದ್ದು ಅರ್ಧ ಸರಿ. ಇನ್ನರ್ಧ ಆ ಕಾಲದ ಗಾಳಿ. 2001ರಲ್ಲಿ ಮಿಸ್ಸಿ ಎಲಿಯಟ್‌ಗೆ ಟಿಂಬಲ್ಯಾಂಡ್ ಮಾಡಿಕೊಟ್ಟ ‘ಗೆಟ್ ಯುವರ್ ಫ್ರೀಕ್ ಆನ್’ ಬಂತು, ಅದರಲ್ಲಿ ಪೂರ್ತಿ ‘ತುಂಬಿ’ ಅನ್ನೋ ಪಂಜಾಬಿ ಒಂಟಿ ತಂತಿಯ ವಾದ್ಯ. 2002ರಲ್ಲಿ ಟ್ರೂತ್ ಹರ್ಟ್ಸ್‌ನ ‘ಅಡಿಕ್ಟಿವ್’ ಒಳಗೆ ಲತಾ ಮಂಗೇಶ್ಕರ್ ಹಾಡಿದ ‘ಥೋಡಾ ರೇಶಮ್’ ಸಾಲುಗಳನ್ನು ಎತ್ತಿ ಹಾಕಿದರು. 2003ರಲ್ಲಿ ಪಂಜಾಬಿ ಎಂಸಿ ಜೊತೆ ಜೇ-ಝಿ. ಅಮೆರಿಕದ ಕ್ಲಬ್ಬುಗಳಲ್ಲಿ ಎಲ್ಲರಿಗೂ ಭಾರತದ ಮಸಾಲೆ ಬೇಕಿತ್ತು. ಆ ಹೊತ್ತಿಗೆ ಒಂದು ರಿದಮ್‌ಗೆ ದಿವಾಲಿ ಅಂತ ಹೆಸರು ಬಿದ್ದರೆ ಆಶ್ಚರ್ಯ ಏನು? ನಾನಂತೂ ಆ ರಿದಮ್‌ನಲ್ಲಿ ಭಾರತದ ವಾದ್ಯ ಹುಡುಕಿ ಸೋತೆ. ಹೆಸರು ನಮ್ಮದು, ಒಡಲು ಜಮೈಕಾದ ಕಿಂಗ್‌ಸ್ಟನ್ನಿನದು.

ತಕರಾರು ತಮ್ಮಯ್ಯ:
‘ಅಡಿಕ್ಟಿವ್’ ನೆನಪು ಮಾಡಿದಿರಲ್ಲ. ಅದು ಕಳ್ಳತನ ತಾನೆ? ಕೋರ್ಟಿಗೆ ಹೋಗಿತ್ತು.

ಮೇಘಮಂದಾರ:
ಹೋಗಿತ್ತು. ‘ಥೋಡಾ ರೇಶಮ್’ಗೆ ಸಂಗೀತ ಕೊಟ್ಟ ಬಪ್ಪಿ ಲಾಹಿರಿಯ ಹೆಸರು ಹಾಕದೆ ಮಾರಬೇಡಿ ಅಂತ 2003ರಲ್ಲಿ ಅಮೆರಿಕದ ಕೋರ್ಟು ತಡೆ ಕೊಟ್ಟಿತು. ನೋಡಿ ವ್ಯತ್ಯಾಸ. ಅಲ್ಲಿ ಕೇಳದೆ ಎತ್ತಿದರು. ದಿವಾಲಿಯಲ್ಲಿ ಕಟ್ಟಿದವನೇ ಬಾಗಿಲು ತೆರೆದು ಕರೆದ.

ಕೀಬೋರ್ಡ್ ಕಿಟ್ಟಿ:
ಕರೆದವರಿಗೆಲ್ಲ ದುಡ್ಡು ಬಂದಿದೆ ಅಂದುಕೊಳ್ಳಬೇಡಿ. ಎಲ್ಲ ಕಡೆ ವಾದ್ಯ ನುಡಿಸಿದವನ ಕಥೆ ಒಂದೇ. ಹಾಡಿದವನ ಫೋಟೋ ಬ್ಯಾನರ್ ಮೇಲೆ, ನಮ್ಮದು ಜನರೇಟರ್ ಹಿಂದೆ. ಒಂದು ಮದುವೆ ಮನೆಯಲ್ಲಿ ನಾಲ್ಕು ತಾಸು ನುಡಿಸಿದ ಮೇಲೆ ಊಟಕ್ಕೆ ಕೂರೋ ಹೊತ್ತಿಗೆ ಸಾಂಬಾರು ಖಾಲಿ. ಹಾಡಿದವರಿಗೆ ಪಾರ್ಸೆಲ್ ಕಟ್ಟಿ ಇಟ್ಟಿದ್ದರು.

ಲಾಂಗ್‌ಪ್ಲೇ:
ಕಿಟ್ಟಿ ಹೇಳಿದ್ದಕ್ಕೆ ಉದಾಹರಣೆ ಬೇಕಾ? ಸ್ಟೀಲಿ ಮತ್ತು ಕ್ಲೀವಿ ಅಂತ ಇಬ್ಬರು. ಒಬ್ಬ ಕೀಬೋರ್ಡ್, ಒಬ್ಬ ಡ್ರಮ್. 1989ರಲ್ಲಿ ‘ಫಿಶ್ ಮಾರ್ಕೆಟ್’ ಅಂತ ಒಂದು ರಿದಮ್ ಮಾಡಿದರು. ಮುಂದೆ ಅದರ ಬಡಿತ ಶಬ್ಬಾ ರ್‍ಯಾಂಕ್ಸ್‌ನ ‘ಡೆಮ್ ಬೋ’ ಹಾಡಿಗೆ ಹೋಯಿತು, ಅಲ್ಲಿಂದ ಸ್ಪ್ಯಾನಿಷ್ ಮಾತಾಡೋ ದೇಶಗಳಿಗೆ ಹೋಗಿ ರೆಗೆಟಾನ್ ಆಯಿತು. ಇವತ್ತು ರೆಗೆಟಾನ್‌ನಲ್ಲಿ ಆ ಬಡಿತಕ್ಕೇ ‘ಡೆಂಬೋ’ ಅನ್ನುತ್ತಾರೆ. ಸ್ಟೀಲಿ ತೀರಿಕೊಂಡಿದ್ದಾರೆ. ಕ್ಲೀವಿ ಮತ್ತು ಸ್ಟೀಲಿ ಕಡೆಯವರು 2021ರಲ್ಲಿ ಅಮೆರಿಕದಲ್ಲಿ ಕೇಸು ಹಾಕಿದರು. ಡ್ಯಾಡಿ ಯಾಂಕಿ, ಲೂಯಿಸ್ ಫೋನ್ಸಿ ಥರದ ದೊಡ್ಡ ಹೆಸರುಗಳೂ ಅದರಲ್ಲಿವೆ. ಇದು ಬರೀ ಡ್ರಮ್ ಬಡಿತ, ಇದಕ್ಕೆ ಯಾರೂ ಒಡೆಯರಿಲ್ಲ ಅಂತ ಆ ಕಡೆಯವರ ವಾದ. 2024ರಲ್ಲಿ ಕೇಸು ವಜಾ ಮಾಡಿ ಅನ್ನೋ ಮನವಿಯನ್ನು ನ್ಯಾಯಾಧೀಶರು ಒಪ್ಪಲಿಲ್ಲ.

ಚಂಡೆ ಪೆಟ್ಟು:
ಇದು ಕಷ್ಟದ ಪ್ರಶ್ನೆ. ನಾಳೆ ಯಾರಾದರೂ ಬಂದು ಏಕತಾಳ ನನ್ನದು ಅಂದರೆ?

ತಕರಾರು ತಮ್ಮಯ್ಯ:
ಅದೇ ನಾನೂ ಕೇಳಿದ್ದು. ಆಗ ಎಲ್ಲರೂ ನನಗೆ ಬೈದಿರಿ.

ಲಾಂಗ್‌ಪ್ಲೇ:
ನೀವು ಕೇಳಿದ್ದು ಅದಲ್ಲ. ನೀವು ಸೋಮಾರಿತನ ಅಂದಿರಿ. ಮೇಲೆ ಹೋಗಿ ಓದಿಕೊಳ್ಳಿ.

ಹುಬ್ಬಳ್ಳಿ ಮಂದಿ:
ಶೆಟ್ಟರ ಕಥಿ ಓದಿ ಒಂದು ಕೇಳಬೇಕಾಗೇತಿ. ಜಮೈಕಾದಾಗ ಮೊಹರಂ ಮಾಡ್ತಾರಂತಲ್ಲ, ಖರೇನಾ?

ಸ್ಕಾರ್ಬರೊ ಶೆಟ್ರು:
ನಿಜ. ‘ಹೊಸೇ’ ಅನ್ನುತ್ತಾರೆ, ಹುಸೇನ್ ಹೆಸರಿನಿಂದ ಬಂದಿದ್ದು. ಬಣ್ಣದ ಕಾಗದದ ತಾಜಿಯಾ ಕಟ್ಟಿ, ತಾಸೆ ಬಡಿದು ಮೆರವಣಿಗೆ. ಹಿಂದೂಗಳೂ ಸೇರುತ್ತಾರೆ, ಆಫ್ರಿಕನ್ ಮೂಲದವರೂ ಸೇರುತ್ತಾರೆ.

ಹುಬ್ಬಳ್ಳಿ ಮಂದಿ:
ನಮ್ಮ ಕಡೆ ಹಳ್ಳಿಯೊಳಗೂ ಹಂಗ. ಅಲಾಯಿ ಕುಣಿ ಸುತ್ತ ಕುಣಿಯೋರಾಗ ಅರ್ಧ ಮಂದಿ ಲಿಂಗಾಯತರು, ಕುರುಬರು. ಹಲಗಿ ಬಡಿಯೋರು ಬ್ಯಾರೆ. ಸಮುದ್ರ ದಾಟಿದರೂ ಹಬ್ಬ ಹಂಗ ಉಳದೈತಿ ನೋಡ್ರಿ.

ಸುಮ್ನೆ ಬಂದೆ:
ಶಾನ್ ಪಾಲ್‌ನಿಂದ ಅಲಾಯಿ ಕುಣಿಗೆ. ಇನ್ನು ಎರಡು ಕಾಮೆಂಟಿನಲ್ಲಿ ರಾಜಕೀಯ ಬರುತ್ತೆ.

ಹಳೇ ಕ್ಯಾಸೆಟ್:
ಹಾಡಿಗೆ ವಾಪಸ್ ಬನ್ನಿ. ದಿವಾಲಿ ಮೇಲೆ ಇನ್ನೂ ಯಾರು ಯಾರು ಹಾಡಿದ್ದಾರೆ? ಮಗ ಪಟ್ಟಿ ಮಾಡ್ತಾ ಇದ್ದಾನೆ. ಹೋಮ್‌ವರ್ಕ್ ಬಿಟ್ಟು.

ಲಾಂಗ್‌ಪ್ಲೇ:
ಎಲಿಫೆಂಟ್ ಮ್ಯಾನ್‌ನ ‘ಎಲಿಫೆಂಟ್ ಮೆಸೇಜ್’ ಹಾಕಿ. ಆತ ಹಾಡೋದಕ್ಕಿಂತ ಕೂಗೋದು ಜಾಸ್ತಿ, ಯಾವ ಹೆಜ್ಜೆ ಹಾಕಬೇಕು ಅಂತ ಹಾಡಿನಲ್ಲೇ ಆರ್ಡರ್ ಕೊಡುವ ಪೈಕಿ. ಡ್ಯಾನಿ ಇಂಗ್ಲಿಷ್ ಮತ್ತು ಎಗ್‌ನಾಗ್ ಜೋಡಿಯ ‘ಪಾರ್ಟಿ ಟೈಮ್’, ಹೆಸರೇ ಹೇಳುತ್ತೆ.

ಆದರೆ ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೇಲೆ ಬೌಂಟಿ ಕಿಲ್ಲರ್‌ನ ‘ಸಫರರ್’. ಅದೇ ಚಪ್ಪಾಳೆ. ಶಾನ್ ಪಾಲ್ ಅದರ ಮೇಲೆ ಹುಡುಗಿಯರನ್ನು ಕುಣಿಯೋಕೆ ಕರೆದ. ಬೌಂಟಿ ಕಿಲ್ಲರ್ ಅದರ ಮೇಲೆ ಕೊಳೆಗೇರಿಯ ಕಷ್ಟ ಹೇಳಿದ. ಬಡವರ ಗವರ್ನರ್ ಅಂತಾನೇ ಆತನಿಗೆ ಅಡ್ಡಹೆಸರು. ಗಂಟಲಿನಲ್ಲಿ ಜಲ್ಲಿಕಲ್ಲು ಉರುಳುತ್ತೆ. ಆ ಹಾಡು ಕೇಳಿ ಬಂದು ಮತ್ತೆ ‘ಗೆಟ್ ಬಿಸಿ’ ಕೇಳಿ, ಚಪ್ಪಾಳೆಯೇ ಬೇರೆ ಥರ ಕೇಳಿಸುತ್ತೆ. ನನಗಂತೂ ಕೇಳಿಸಿತು. ಮೂರು ಹಿಟ್ ಮಾತ್ರ ಗೊತ್ತಿರೋರಿಗೆ ದಿವಾಲಿ ಗೊತ್ತಿಲ್ಲ ಅಂತಲೇ ನನ್ನ ಲೆಕ್ಕ.

ಮೇಘಮಂದಾರ:
ಬೌಂಟಿ ಕಿಲ್ಲರ್, ಎಲಿಫೆಂಟ್ ಮ್ಯಾನ್ ಹೆಸರು ಬಂದಾಗ ಇನ್ನೊಂದು ಮಾತನ್ನೂ ಹೇಳಬೇಕು. ಸಲಿಂಗಿಗಳ ವಿರುದ್ಧ ಹಿಂಸೆ ಕಾರುವ ಹಾಡುಗಳೂ ಇವರದೇ ಬಾಯಿಯಿಂದ ಬಂದಿವೆ. ಬ್ರಿಟನ್ನಿನಲ್ಲಿ ದೊಡ್ಡ ಹೋರಾಟವೇ ನಡೆಯಿತು. 2004ರಲ್ಲಿ ಅಲ್ಲಿನ ಮೋಬೋ ಸಂಗೀತ ಪ್ರಶಸ್ತಿಯ ಪಟ್ಟಿಯಿಂದ ಎಲಿಫೆಂಟ್ ಮ್ಯಾನ್ ಹೆಸರನ್ನು ಕೈಬಿಟ್ಟರು. ಬಡವರ ಪರ ಹಾಡಿದವನೇ ಇನ್ನೊಬ್ಬರ ಸಾವು ಬಯಸಿ ಹಾಡಿದರೆ ನಾನು ಸುಮ್ಮನೆ ಚಪ್ಪಾಳೆ ತಟ್ಟಲಾರೆ. ‘ಸಫರರ್’ ಒಳ್ಳೆಯ ಹಾಡು, ಒಪ್ಪಿದೆ.

ಲಾಂಗ್‌ಪ್ಲೇ:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಪ್ಪಿಕೊಳ್ಳುತ್ತೇನೆ.

ಪಡ್ಡು ಪ್ರಿಯ:
ಸೀರಿಯಸ್ ಆಯ್ತು. ಈ ಒಂದು ರಿದಮ್‌ಗೆ ಹಲವು ಹಾಡು ಅನ್ನೋ ಐಡಿಯಾ ಶುರು ಮಾಡಿದ್ದು ಯಾರು? ಲೆಂಕಿನಾ?

ಲಾಂಗ್‌ಪ್ಲೇ:
ಅಯ್ಯೋ ಇಲ್ಲ. ಅದಕ್ಕಿಂತ ಮೂವತ್ತು ಚಿಲ್ಲರೆ ವರ್ಷ ಹಿಂದೆ ಹೋಗಿ. 1960ರ ದಶಕದ ಕೊನೆಯಲ್ಲಿ ಜಮೈಕಾದ ಸ್ಪ್ಯಾನಿಷ್ ಟೌನ್‌ನ ಸೌಂಡ್ ಸಿಸ್ಟಮ್ ಒಡೆಯ ರಡ್ಡಿ ರೆಡ್‌ವುಡ್ ಒಂದು ಡಿಸ್ಕ್ ಕೊರೆಸಿಕೊಳ್ಳೋಕೆ ಸ್ಟುಡಿಯೋಗೆ ಹೋಗಿದ್ದ. ಪ್ಯಾರಗಾನ್ಸ್ ತಂಡದ ಹಾಡು. ಎಂಜಿನಿಯರ್ ಗಾಯನದ ಟ್ರ್ಯಾಕ್ ಹಾಕೋದನ್ನು ಮರೆತ. ಬರೀ ಮ್ಯೂಸಿಕ್ ಉಳಿಯಿತು. ರಾತ್ರಿ ಅದನ್ನೇ ಹಾಕಿದರೆ ಇಡೀ ಜನ ತಾವೇ ಹಾಡೋಕೆ ಶುರು ಮಾಡಿದರು. ಆಮೇಲೆ ರೆಕಾರ್ಡಿನ ಹಿಂಬದಿಯಲ್ಲಿ ಗಾಯನ ಇಲ್ಲದ ‘ವರ್ಷನ್’ ಹಾಕೋದು ರೂಢಿ ಆಯಿತು. ಅದರ ಮೇಲೆ ಯು-ರಾಯ್ ಥರದವರು ಮಾತು ಹೆಣೆದರು. 1974ರಲ್ಲಿ ರೂಪಿ ಎಡ್ವರ್ಡ್ಸ್ ಒಂದೇ ರಿದಮ್ ಮೇಲೆ ಪೂರ್ತಿ ಆಲ್ಬಮ್ ಮಾಡಿದ, ‘ಯಮಹಾ ಸ್ಕ್ಯಾಂಕ್’.

ಹಳೆಯ ರಿದಮ್‌ಗಳಿಗೆ ಸಾವೇ ಇಲ್ಲ. ‘ಸ್ಟಾಲಾಗ್’ ಅಂತ 1973ರದು. ಸಿಸ್ಟರ್ ನ್ಯಾನ್ಸಿ 1982ರಲ್ಲಿ ಅದರ ಮೇಲೆ ‘ಬ್ಯಾಮ್ ಬ್ಯಾಮ್’ ಹಾಡಿದಳು, ಟೆನರ್ ಸಾ 1985ರಲ್ಲಿ ‘ರಿಂಗ್ ದಿ ಅಲಾರ್ಮ್’ ಹಾಡಿದ. ನಮ್ಮಲ್ಲಿ ಅಜ್ಜನ ಪಂಚೆ ಮೊಮ್ಮಗ ಉಟ್ಟ ಹಾಗೆ.

ಕೀಬೋರ್ಡ್ ಕಿಟ್ಟಿ:
ಯಮಹಾ ಬಂತು ಅಂದಮೇಲೆ ಕ್ಯಾಸಿಯೋ ಬಿಡೋಕೆ ಆಗುತ್ತಾ? 1985ರ ‘ಸ್ಲೆಂಗ್ ಟೆಂಗ್’. ವೇಯ್ನ್ ಸ್ಮಿತ್ ಹಾಡಿದ್ದು, ಕಿಂಗ್ ಜಾಮಿ ಪ್ರೊಡ್ಯೂಸರ್. ಇಡೀ ರಿದಮ್ ಕ್ಯಾಸಿಯೋ ಎಂಟಿ-40 ಅನ್ನೋ ಪುಟ್ಟ ಕೀಬೋರ್ಡಿನ ರೆಡಿಮೇಡ್ ‘ರಾಕ್’ ಬಟನ್. ಒತ್ತಿದರೆ ಬೇಸ್ ಸಮೇತ ತಾನೇ ನುಡಿಯುತ್ತೆ. ಸ್ವಲ್ಪ ನಿಧಾನ ಮಾಡಿದರು, ಜಮೈಕಾದ ಸಂಗೀತವೇ ಡಿಜಿಟಲ್ ಆಯಿತು. ಆ ಬಟನ್ ಒಳಗಿನ ನುಡಿ ಬರೆದದ್ದು ಹಿರೊಕೊ ಒಕುಡಾ ಅನ್ನೋ ಜಪಾನಿನ ಹೆಣ್ಣುಮಗಳು, ಆಗಷ್ಟೇ ಕ್ಯಾಸಿಯೋ ಸೇರಿದ್ದವಳು. ಕಾಲೇಜಿನಲ್ಲಿ ಜಮೈಕಾದ ರೆಗೆ ಸಂಗೀತದ ಮೇಲೇ ಪ್ರಬಂಧ ಬರೆದಿದ್ದಳಂತೆ!

ನನ್ನ ಮೊದಲ ಕೀಬೋರ್ಡೂ ಕ್ಯಾಸಿಯೋ. ಗಲ್ಫಿನಿಂದ ಮಾವ ತಂದಿದ್ದು. ಬಟನ್ ಒತ್ತಿ ಜನರ ಎದುರು ಕೈ ಆಡಿಸುತ್ತಾ ಕೂತಿದ್ದಕ್ಕೆ ಗುರುಗಳು ಬೈದಿದ್ದರು. ಕಿಂಗ್‌ಸ್ಟನ್ನಿನಲ್ಲಿ ಅದನ್ನೇ ಮಾಡಿದವರು ಇತಿಹಾಸ ಸೇರಿದರು.

ಚಂಡೆ ಪೆಟ್ಟು:
ಗುರುಗಳು ಸರಿಯಾಗೇ ಬೈದಿದ್ದಾರೆ.

ಸುಮ್ನೆ ಬಂದೆ:
ಲೆಂಕಿ ದಿವಾಲಿ ಮಾಡಿದ. ಯುಗಾದಿ ರಿದಮ್ ಯಾವಾಗ?

ಸ್ಕಾರ್ಬರೊ ಶೆಟ್ರು:
ಯುಗಾದಿ ಇಲ್ಲ, ‘ಕೂಲಿ ಡ್ಯಾನ್ಸ್’ ಇದೆ. ನಗಬೇಡಿ, ನಿಜವಾಗಿ. ಸ್ಕಾಟಾ ಬರೆಲ್ ಮಾಡಿದ ರಿದಮ್. ನೀನಾ ಸ್ಕೈ ಜೋಡಿಯ ‘ಮೂವ್ ಯಾ ಬಾಡಿ’, ಪಿಟ್‌ಬುಲ್‌ನ ‘ಕೂಲೋ’, ಎರಡೂ ಅದರ ಮೇಲೆ ನಿಂತಿವೆ. ಅದರಲ್ಲೂ ಚಪ್ಪಾಳೆ ಇದೆ. ‘ಕೂಲಿ’ ಅಂದರೆ ಅಲ್ಲಿ ಕೆಲಸ ಅಲ್ಲ, ಸಂಬಳ ಅಲ್ಲ. ಭಾರತೀಯ ಮೂಲದವರನ್ನು ಕರೆಯೋ ಪದ. ನಾನು ಹೇಳಿದೆನಲ್ಲ, ಆಫೀಸಿನ ಆ ಹೆಂಗಸು, ಅವರ ಅಜ್ಜಿಯನ್ನು ಊರವರು ‘ಕೂಲಿ ಮಿಸ್’ ಅನ್ನುತ್ತಿದ್ದರಂತೆ. ಪ್ರೀತಿಯಿಂದ ಕರೆಯೋರೂ ಇದ್ದರು, ಕೀಳಾಗಿ ಕರೆಯೋರೂ ಇದ್ದರು, ದನಿ ನೋಡಿ ಗೊತ್ತಾಗುತ್ತಿತ್ತಂತೆ. ಅವರಿಗೆ ಆ ರಿದಮ್ ಬಂದರೆ ಕಾಲು ಕುಣಿಯುತ್ತಿತ್ತು, ಹೆಸರು ಹೇಳಿದರೆ ಮುಖ ಸಣ್ಣದಾಗುತ್ತಿತ್ತು.

ನಾನು ಅವರಿಗೆ, ನಮ್ಮ ಭಾಷೆಯಲ್ಲಿ ಕೂಲಿ ಅಂದರೆ ದುಡಿದ ದಿನದ ದುಡ್ಡು, ಬೈಗುಳ ಅಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮ ಮುತ್ತಜ್ಜನಿಗೆ ಅದೇ ಸರಿಯಾಗಿ ಸಿಗಲಿಲ್ಲ" ಅಂದರು.

ಮೇಘಮಂದಾರ:
ಶೆಟ್ರೇ, ಇದನ್ನು ಮೊದಲೇ ಬರೆಯಬಾರದಿತ್ತಾ.

ಚಂಡೆ ಪೆಟ್ಟು:
ಜಮೈಕಾದ ಡ್ಯಾನ್ಸ್‌ಹಾಲ್ ಹಾಡುಗಾರ ಸೂಪರ್ ಕ್ಯಾಟ್ ಕೂಡ ಭಾರತೀಯ ಮೂಲದವನಲ್ವಾ? ವಿಲಿಯಂ ಮರಾಘ್. ಎಲ್ಲೋ ಓದಿದ ನೆನಪು.

ಲಾಂಗ್‌ಪ್ಲೇ:
ಹೌದು. ಅವನಿಗೆ ‘ವೈಲ್ಡ್ ಅಪಾಚೆ’ ಅಂತ ಬಿರುದು. ಬರ್ಮಿಂಗ್‌ಹ್ಯಾಮಿನ ಪಂಜಾಬಿ ಹುಡುಗ ಸ್ಟೀವನ್ ಕಪೂರ್ ಅದನ್ನು ನೋಡಿ ‘ಅಪಾಚೆ ಇಂಡಿಯನ್’ ಅಂತ ಹೆಸರಿಟ್ಟುಕೊಂಡ. 1993ರ ‘ಬೂಮ್ ಶಾಕ್ ಎ ಲಾಕ್’ ನೆನಪಿದೆಯಲ್ಲ. ನಮ್ಮ ಊರಿಗೆ ಡ್ಯಾನ್ಸ್‌ಹಾಲ್ ಮೊದಲು ಬಂದದ್ದು ಅವನ ಕೈಯಲ್ಲಿ, ಶಾನ್ ಪಾಲ್ ಆಮೇಲೆ.

ಪಡ್ಡು ಪ್ರಿಯ:
ಬೂಮ್ ಶಾಕ್ ಎ ಲಾಕ್‌ಗೆ ನಮ್ಮ ಸ್ಕೂಲ್ ಡೇಯಲ್ಲಿ ಕುಣಿದಿದ್ದೆ. ಕೂಲಿಂಗ್ ಗ್ಲಾಸ್ ಬಿದ್ದು ಹೆಡ್‌ಮಾಸ್ಟರ್ ಕಾಲಡಿ ಒಡೆಯಿತು. ಬಾಡಿಗೆದು.

ಹಳೇ ಕ್ಯಾಸೆಟ್:
ಎಲ್ಲರಿಗೂ ಥ್ಯಾಂಕ್ಸ್. ಮಗನಿಗೆ ಎಲ್ಲ ಓದಿ ಹೇಳಿದೆ, ಚಪ್ಪಾಳೆ ತಟ್ಟೋಕೆ ಕೂತಿದ್ದಾನೆ. ಕಿಟ್ಟಿಯವರ ಮುಂದಿನ ಸಾಲಿನ ಹುಡುಗರಿಗಿಂತ ಪರವಾಗಿಲ್ಲ, ಮೂರನೇ ಸುತ್ತಿಗೆ ತಪ್ಪುತ್ತಾನೆ. ಅಂದ ಹಾಗೆ ಶೆಟ್ರು ಹೇಳಿದ ‘ಮೂವ್ ಯಾ ಬಾಡಿ’ ಕೂಡ ಆ ಸಿಡಿಯಲ್ಲೇ ಇದೆ! ಹನ್ನೊಂದನೇ ಹಾಡು.

ಲಾಂಗ್‌ಪ್ಲೇ:
2003ರ ಸಿಡಿ ಅಂದಿರಲ್ಲ. ಆ ಹಾಡು ಬಂದದ್ದೇ 2004ರಲ್ಲಿ.

ಹಳೇ ಕ್ಯಾಸೆಟ್:
ಹಂಗಾದ್ರೆ ಫೈನಲ್ ಇಯರ್‌ನಲ್ಲಿ ಬರೆದುಕೊಟ್ಟಿರಬೇಕು.

ತಕರಾರು ತಮ್ಮಯ್ಯ:
ನೋಡಿದಿರಾ? ಮೊದಲ ಸಾಲಿನಿಂದಲೇ ಸುಳ್ಳು. ನಾನು ಇಳಿದ ಆ ಒಂದು ಮೆಟ್ಟಿಲು ವಾಪಸ್ ಹತ್ತುತ್ತಿದ್ದೇನೆ.